ಹಬ್ಬದ ಸೀರೆ ಅಂದರೆ ಯಾವ ಹಬ್ಬದ್ದು?

ಬಹಳ ವರ್ಷ ನನ್ನ ತಿಜೋರಿಯಲ್ಲಿ, ಅಂದರೆ ಬಟ್ಟೆಯ ಕಪಾಟಿನಲ್ಲಿ, ಸೀರೆಗಳು ಜಾತಿವಾರು ಕೂತಿದ್ದವು. ಮೇಲಿನ ಖಾನೆಯಲ್ಲಿ ರೇಷ್ಮೆ, ಅದರ ಕೆಳಗೆ ಇಳಕಲ್, ಆಮೇಲೆ ಕಾಟನ್, ತಳದಲ್ಲಿ ಪಾಲಿಸ್ಟರ್. ಬಂದವರು ನೋಡಿದರೆ ‘ಎಷ್ಟ್ ನೀಟಾಗಿ ಇಟ್ಟೀರಿ’ ಅನ್ನಬೇಕು, ಹಾಗೆ. ಬೆಳಿಗ್ಗೆ ಏಳೂವರೆಗೆ ಒಲೆಯ ಮೇಲೆ ಪಲ್ಯ ಬಿಟ್ಟು ಬಂದು ಅದರ ಮುಂದೆ ನಿಂತಾಗ ನನಗೆ ಬೇಕಾಗುತ್ತಿದ್ದದ್ದು ಸ್ಕೂಟರ್ ಮೇಲೆ ಹಾರದ, ಬೋರ್ಡಿನ ಸುಣ್ಣದ ಪುಡಿ ತಡೆಯುವ, ಕುಪ್ಪಸ ಸರಿಯಾಗಿ ಕೂಡುವ ಒಂದು ಸೀರೆ. ಅಂಥದ್ದು ಪ್ರತಿ ಖಾನೆಯಲ್ಲೂ ಒಂದೋ ಎರಡೋ ಇತ್ತು. ಹುಡುಕುವುದರಲ್ಲಿ ಬಸ್ಸು ಹೋಗುತ್ತಿತ್ತು.

ನಾನು ಬಾಗಲಕೋಟೆಯ ನವನಗರದಲ್ಲಿರುವ ಹೈಸ್ಕೂಲ್ ಶಿಕ್ಷಕಿ. ಶಾಲೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಬಸ್ ಸ್ಟ್ಯಾಂಡಿನವರೆಗೆ ಸ್ಕೂಟರ್, ಅಲ್ಲಿಂದ ಬಸ್ಸು, ಇಳಿದ ಮೇಲೆ ಎರೆಮಣ್ಣಿನ ದಾರಿಯಲ್ಲಿ ಒಂದಿಷ್ಟು ನಡಿಗೆ. ಕಪಾಟು ಹೊಂದಿಸುವ ಬಗ್ಗೆ ನಾನು ಓದಿದ್ದರಲ್ಲಿ ಬಹುಪಾಲು ಜೀನ್ಸು, ಕೋಟು, ಸ್ವೆಟರ್ ಇರುವವರಿಗಾಗಿ ಬರೆದದ್ದು. ಆಯೇರಿ (ಕಾರ್ಯಗಳಲ್ಲಿ ಕೊಡುವ ಉಡುಗೊರೆ) ಬಂದ ಸೀರೆ ಎಲ್ಲಿಡಬೇಕು, ಉಡಿ ತುಂಬಿದಾಗ ಬಂದ ಜಂಪರ್ ಪೀಸಿನ, ಅಂದರೆ ಕುಪ್ಪಸದ ಬಟ್ಟೆಯ ರಾಶಿ ಏನು ಮಾಡಬೇಕು, ಹೊಲದಲ್ಲಿ ಭೂಮಿತಾಯಿಗೆ ಎಡೆ ಚೆಲ್ಲುವ ಚರಗಕ್ಕೆ ಹೋಗುವಾಗ ಏನು ಉಡಬೇಕು ಎಂದು ಯಾರೂ ಹೇಳಿರಲಿಲ್ಲ. ಹಾಗಾಗಿ ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ಬಟ್ಟೆಯ ನೂಲು ಯಾವುದು ಎಂದು ನೋಡುವುದನ್ನು ಬಿಟ್ಟು, ಅದನ್ನು ಉಟ್ಟ ದಿನ ಮೈ ಏನೇನು ಕೆಲಸ ಮಾಡುತ್ತದೆ ಎಂದು ನೋಡಿ ಖಾನೆ ಹಂಚಿದೆ.

ಅದಕ್ಕೂ ಮೊದಲು ನಾನು ನಿಜವಾಗಿ ಏನು ಉಡುತ್ತೇನೆ ಎಂಬುದು ಗೊತ್ತಾಗಬೇಕಿತ್ತು. ಕೇಳಿದರೆ ‘ಎಲ್ಲಾ ಉಡತೀನಿ’ ಅನ್ನುತ್ತಿದ್ದೆ, ಎಲ್ಲರೂ ಹಾಗೇ ಅನ್ನುವುದು. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಪ್ರತಿ ಸೀರೆಯ ಮಡಿಕೆಗೂ ಸಡಿಲವಾಗಿ ಒಂದು ಬಿಳಿ ದಾರ ಸುತ್ತಿದೆ. ಉಟ್ಟಾಗ ದಾರ ಬಿಚ್ಚುವುದು, ಮತ್ತೆ ಕಟ್ಟುವಂತಿಲ್ಲ. ಜೂನ್‌ನಿಂದ ದಸರಾ ರಜೆಯವರೆಗೆ ಅಂದರೆ ಪಂಚಮಿ, ಶ್ರಾವಣದ ಸೋಮವಾರಗಳು, ಗಣಪತಿ ಎಲ್ಲಾ ಅದರಲ್ಲೇ ಬರುತ್ತವೆ. ಹಬ್ಬದ ಸೀರೆಗಳಿಗೂ ಸರದಿ ಸಿಕ್ಕಂತೆ. ಮದುವೆ ಸೀರೆಗಳನ್ನು ಮಾತ್ರ ಈ ಲೆಕ್ಕದಿಂದ ಹೊರಗಿಟ್ಟೆ, ಅವುಗಳ ಸುಗ್ಗಿ ಬೇಸಿಗೆಯಲ್ಲಿ.

ದಸರಾ ರಜೆಯಲ್ಲಿ ದಾರ ಉಳಿದವುಗಳನ್ನೆಲ್ಲಾ ಮಂಚದ ಮೇಲೆ ಹರವಿದೆ. ಅರ್ಧಕ್ಕಿಂತ ಹೆಚ್ಚೇ ಇದ್ದವು. ಒಂದೊಂದನ್ನೇ ಕೈಗೆತ್ತಿಕೊಂಡು ‘ಇದನ್ನು ಯಾಕೆ ಉಡಲಿಲ್ಲ’ ಎಂದು ಕೇಳಿಕೊಂಡರೆ ಸೀರೆಯ ಮೇಲೆ ಬರುವ ದೂರು ಬಹಳ ಕಡಿಮೆ. ಒಂದರ ಕುಪ್ಪಸ ತೋಳಲ್ಲಿ ಬಿಗಿ. ಇನ್ನೊಂದಕ್ಕೆ ಫಾಲ್ ಹಚ್ಚಿಲ್ಲ. ಮತ್ತೊಂದಕ್ಕೆ ಹೊಂದುವ ಪರಕಾರ (ಒಳಲಂಗ) ಇಲ್ಲ, ತೆಳು ಸೀರೆ, ಒಳಗಿನ ಬಣ್ಣ ಕಾಣುತ್ತದೆ. ಒಂದರ ಸೆರಗಿನ ಗೊಂಡೆ ಬಸ್ಸಿನ ಸೀಟಿನ ಮೊಳೆಗೆ ಸಿಕ್ಕು ಎಳೆದುಹೋಗಿತ್ತು. ನಿಜವಾಗಿಯೂ ಸೀರೆಯೇ ಬೇಡವಾದದ್ದು ಕೆಲವೇ ಕೆಲವು: ಕಲ್ಲು ಕೂಡಿಸಿದ ನೆಟ್ ಸೀರೆ, ಮೈಗೆ ಚುಚ್ಚುವ ಟಿಶ್ಯೂ, ಅಂಥವು.

ಅದಕ್ಕೇ ಕಪಾಟು ಹೊಂದಿಸಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು: ಹೊಸ ಹ್ಯಾಂಗರು, ಡಬ್ಬಿ, ಕವರು ತರಬೇಡಿ, ಮೊದಲು ಟೇಲರ್ ಕಡೆ ಹೋಗಿ. ಕುಪ್ಪಸದ ಬದಿಯಲ್ಲಿ ಟೇಲರ್ ಒಳಗೆ ಮಡಚಿಟ್ಟ ಬಟ್ಟೆ ಇರುತ್ತದೆ. ಎರಡು ಕಡೆಯೂ ಒಂದು ಹೊಲಿಗೆ ಬಿಚ್ಚಿದರೆ ಒಂದೂವರೆ-ಎರಡು ಇಂಚು ಸಿಗುತ್ತದೆ. ನನ್ನ ಅರ್ಧ ಕುಪ್ಪಸಗಳು ಹಾಗೇ ಬದುಕಿದವು. ತೋಳಿನಲ್ಲಿ ಬಟ್ಟೆ ಇರದಿದ್ದರೆ ಕಂಕುಳಲ್ಲಿ ಒಂದು ಚೌಕದ ತುಂಡು ಕೂಡಿಸುತ್ತಾರೆ. ಬೋರ್ಡಿನ ಮೇಲೆ ಬರೆಯುವವರಿಗೆ ಈ ಚೌಕ ಬೇಕೇ ಬೇಕು. ಕೈ ಎತ್ತಿದಾಗ ಇಡೀ ಕುಪ್ಪಸ ಮೇಲೆ ಬರುವುದು ಅದು ಇಲ್ಲದ್ದಕ್ಕೆ.

ಈಗ ಕೈಗೆಟಕುವ, ಎದೆಮಟ್ಟದ ಖಾನೆ ಶಾಲೆಯದು. ಅಲ್ಲಿರುವುದು ರಬಕವಿ-ಬನಹಟ್ಟಿ ಕಡೆಯ ಮೆತ್ತನೆ ಕಾಟನ್ ಸೀರೆಗಳು, ಒಂದೆರಡು ಸಾದಾ ಇಳಕಲ್, ಮಳೆಗಾಲಕ್ಕೆಂದು ನಾಲ್ಕು ಪಾಲಿಸ್ಟರ್. ಪಾಲಿಸ್ಟರ್ ಎಂದರೆ ಮೂಗು ಮುರಿಯುವವರಿದ್ದಾರೆ. ಎರೆಮಣ್ಣಿನ ಕೆಸರು ಹತ್ತಿದ ಕಾಟನ್ ಅಂಚನ್ನು ಒಮ್ಮೆ ತಿಕ್ಕಿ ನೋಡಲಿ ಅವರು, ಆಮೇಲೆ ಮಾತಾಡೋಣ. ಜುಲೈನಲ್ಲಿ ಪಾಲಿಸ್ಟರ್, ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟಿದಾಗ ಕಾಟನ್, ಇದರಲ್ಲಿ ನನಗೆ ಯಾವ ಮಡಿ-ಮೈಲಿಗೆಯೂ ಇಲ್ಲ.

ಶಾಲೆಯ ಸೀರೆಗಳಿಗೆ ಕುಪ್ಪಸ ಬೇರೆ ಇಡುತ್ತೇನೆ. ಕಪ್ಪು, ಮರೂನ್, ಸಾಸಿವೆ ಬಣ್ಣ, ಬಾಟಲ್ ಹಸಿರು, ಆಮೇಲೆ ಗುಳೇದಗುಡ್ಡದಲ್ಲಿ ನೇಯುವ ಖಣ ಬಟ್ಟೆಯವು ಎರಡು. ಇಷ್ಟರಲ್ಲಿ ಯಾವುದೋ ಒಂದು ಎಲ್ಲದಕ್ಕೂ ಕೂಡುತ್ತದೆ. ಖಣದ ಕುಪ್ಪಸ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ವಿಷಯ ಏನಲ್ಲ, ಆದರೂ ನಾನು ಅದನ್ನು ಬಹಳ ದಿನ ಇಳಕಲ್ ಜೊತೆ ಮಾತ್ರ ಹಾಕುತ್ತಿದ್ದೆ. ಸಾದಾ ಬೂದಿ ಬಣ್ಣದ ಕಾಟನ್ ಸೀರೆಯ ಮೇಲೆ ಕೆಂಪು ಖಣ ಹಾಕಿ ಹೋದ ದಿನ ಹತ್ತನೇ ಇಯತ್ತೆಯ ಹುಡುಗಿಯರು ‘ಮೇಡಂ, ಇವತ್ತ ಏನೈತ್ರಿ’ ಎಂದು ಕೇಳಿದರು. ಏನೂ ಇರಲಿಲ್ಲ, ಸೋಮವಾರ ಅಷ್ಟೇ.

ಸಮಾರಂಭದ ಸೀರೆಗಳಿಗೆ ಇದರ ತದ್ವಿರುದ್ಧ: ಕುಪ್ಪಸ, ಪರಕಾರ ಎರಡೂ ಸೀರೆಯ ಮಡಿಕೆಯೊಳಗೇ. ಅವಸರದಲ್ಲಿ ಹೊರಡುವಾಗ ಒಂದು ಗಂಟು ಎತ್ತಿಕೊಂಡರೆ ಮುಗಿಯಿತು. ವಿಜಯಪುರದ ತವರುಮನೆಗೆ ಒಂದು ರಾತ್ರಿಗೆ ಹೋಗುವುದಿದ್ದರೂ ಇದರಿಂದಾಗುವ ಉಪಕಾರ ಸಣ್ಣದಲ್ಲ. ಸೀರೆ ಒಯ್ದು ಪರಕಾರ ಮರೆತು ಅತ್ತಿಗೆಯ ಕಡೆ ಕೇಳುವುದು ಹೆಣ್ಣುಮಕ್ಕಳಿಗೆಲ್ಲಾ ಗೊತ್ತಿರುವ ಪಾಡು.

ಇನ್ನು ಹಬ್ಬ. ‘ಹಬ್ಬದ ಸೀರೆ’ ಎಂದು ಒಂದೇ ಖಾನೆ ಮಾಡುವುದರಲ್ಲೇ ಎಡವಟ್ಟು ಶುರು, ಯಾಕೆಂದರೆ ನಮ್ಮ ಹಬ್ಬಗಳು ಮೈಗೆ ಹೇಳುವ ಕೆಲಸ ಒಂದೇ ತರಹದ್ದಲ್ಲ. ಹೋಳಿಗೆ ಮಾಡುವ ಹಬ್ಬ ಬೇರೆ. ಬೆಳಗಿನಿಂದ ಹೂರಣ ರುಬ್ಬಿ, ಕಟ್ಟಿನ ಸಾರು ಕುದಿಸಿ, ಎಣ್ಣೆ ಕೈಯಲ್ಲೇ ಬಂದವರಿಗೆ ಕುಂಕುಮ ಕೊಡುವ ದಿನ. ಅವತ್ತು ಬೆಲೆಬಾಳುವ ರೇಷ್ಮೆ ಉಟ್ಟರೆ ಸೀರೆಯನ್ನು ಕಾಯುವುದೇ ಒಂದು ಹಬ್ಬವಾಗುತ್ತದೆ. ಚಮಕಾ ಇಳಕಲ್ ಅಂದರೆ ಕೃತಕ ರೇಷ್ಮೆಯ ಒಡಲಿನದು, ನೋಡಲು ಮಿರಮಿರ, ಒಗೆಯಲು ಹಗುರ, ಈ ದಿನಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಅರಿಷಿಣದ ಕಲೆ ಹತ್ತಿದರೆ ಕೂಡಲೇ ಬರೀ ನೀರಲ್ಲಿ ಅದ್ದಿ ತೆಗೆಯಬೇಕು. ಸಾಬೂನು ತಾಗಿದ ಕೂಡಲೇ ಅದು ಕೆಂಪಗೆ ತಿರುಗುವುದನ್ನು ನೋಡಿ ಗಾಬರಿಯಾಗುವುದು ಬೇಡ. ಸಾಬೂನಿನ ಕ್ಷಾರಕ್ಕೆ ಅರಿಷಿಣ ಹಾಗೇ ಬಣ್ಣ ಬದಲಿಸುತ್ತದೆ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ, ಆ ಹಳದಿಯನ್ನು ಬಿಸಿಲು ತಿನ್ನುತ್ತದೆ. ಬಿಳಿ ಕಾಟನ್ನಿಗೆ ಈ ಬಿಸಿಲ ಮದ್ದು ಚಲೋ, ಬಣ್ಣದ ಸೀರೆಯನ್ನು ಮಾತ್ರ ಬಹಳ ಹೊತ್ತು ಬಿಡಬೇಡಿ, ಅರಿಷಿಣದ ಜೊತೆ ಅದರ ಬಣ್ಣವೂ ಹೋದೀತು.

ಎರಡನೇ ಬಗೆ, ಹೊಲಕ್ಕೆ ಹೋಗುವ ಹಬ್ಬ. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ. ಚರಗ ಚೆಲ್ಲಲು ಜೋಳದ ಬೆಳೆಯ ನಡುವೆ ಹೋಗಿ ಬಂದವರಿಗೆ ಗೊತ್ತು, ಜೋಳದ ಎಲೆಯ ಅಂಚು ಸೀರೆಯನ್ನು ಎಳೆಯುತ್ತದೆ, ಉತ್ತರಾಣಿಯ ಕಾಳು ಅಂಚಿಗೆಲ್ಲಾ ಅಂಟಿಕೊಂಡು ಮನೆಯವರೆಗೆ ಬರುತ್ತದೆ. ರೇಷ್ಮೆಯಿಂದ ಆ ಕಾಳನ್ನು ಕಿತ್ತರೆ ನೂಲೂ ಬರುತ್ತದೆ. ಬುತ್ತಿ ಬಿಚ್ಚಿದ ಮೇಲೆ ನೆಲದ ಮೇಲೇ ಊಟ. ಇದಕ್ಕೆ ಒತ್ತಾಗಿ ನೇಯ್ದ ಕಾಟನ್ ಇಳಕಲ್, ಗಾಢ ಬಣ್ಣದ್ದು, ದಡಿ (ಅಂಚು) ಅಗಲ ಇದ್ದದ್ದು. ಹೊಲದ ಹಬ್ಬಕ್ಕೆ ನಮ್ಮ ಅಜ್ಜಿಯಂದಿರು ಗಟ್ಟಿ ದಡಿಯ ಸೀರೆ ಉಟ್ಟದ್ದು ಬರೀ ಚಂದಕ್ಕೆ ಅಂತ ನನಗನಿಸುವುದಿಲ್ಲ. ಬಾದಾಮಿ ಬನಶಂಕರಿ ಜಾತ್ರೆಯೂ ಇದೇ ಖಾನೆಗೆ ಸೇರುತ್ತದೆ. ಬನದ ಹುಣ್ಣಿಮೆಯ ಹೊತ್ತಿಗೆ ಹಗಲು ಧೂಳು, ರಾತ್ರಿ ಚಳಿ. ಕಂಪನಿ ನಾಟಕ ನೋಡಿ ಬೆಳಗು ಮಾಡುವವರು ಸೀರೆಯ ಜೊತೆ ಒಂದು ದಪ್ಪ ಶಾಲನ್ನೂ ಅದೇ ಮಡಿಕೆಯಲ್ಲಿ ಇಟ್ಟುಬಿಡಿ.

ಮೂರನೆಯದು ಮಂಗಲ ಕಾರ್ಯಾಲಯದ ದಿನ. ಕುರ್ಚಿಯಲ್ಲಿ ಕೂತು, ಫೋಟೋಕ್ಕೆ ನಿಂತು, ಊಟ ಮಾಡಿ ಬರುವುದು. ಜರಿಯ ರೇಷ್ಮೆಗೆ ನಿಜವಾದ ಜಾಗ ಇದೊಂದೇ. ಹೀಗೆ ನೋಡಿದಾಗ ನನಗೆ ಅಂಥ ಸೀರೆ ಎಷ್ಟು ಬೇಕು ಎಂಬುದೂ ತಾನಾಗಿ ತಿಳಿಯಿತು, ಹೊಸ ರೇಷ್ಮೆ ಕೊಳ್ಳುವುದು ನಿಂತಿತು.

ಹೋಳಿಗೊಂದು ಪ್ರತ್ಯೇಕ ಚೀಲವಿದೆ. ಬಾಗಲಕೋಟೆಯ ಹೋಳಿ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಹಲಗೆ ಸದ್ದು, ಬ್ಯಾರಲ್ ತುಂಬಿದ ಬಣ್ಣದ ಬಂಡಿಗಳು, ಓಣಿ ಓಣಿಗೆ ಸರದಿ. ಮನೆಯವರೆಲ್ಲರ ಒಂದೊಂದು ಜೊತೆ ಹಳೆ ಬಟ್ಟೆ ಆ ಚೀಲದಲ್ಲಿ, ಬಣ್ಣ ಹೋಗದ್ದು ಹೋಗದೆಯೇ ಮುಂದಿನ ವರ್ಷಕ್ಕೆ. ಗಂಡಸರ ಬಟ್ಟೆಯ ವಿಷಯ ನಾನು ಕೈಹಾಕಿದ್ದು ಇಷ್ಟಕ್ಕೇ. ನಮ್ಮ ಮನೆಯವರಿಗೆ ಆರು ಶರ್ಟು, ಮೂರು ಪ್ಯಾಂಟು, ಒಂದು ಮೊಳೆ. ಅವರ ವ್ಯವಸ್ಥೆ ನನ್ನದಕ್ಕಿಂತ ಚಲೋ ಇದೆ ಎಂದು ಅವರ ಅಭಿಪ್ರಾಯ.

ಇಳಕಲ್ ಸೀರೆ ಇಡುವ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದರ ಒಡಲು ಕಾಟನ್ನಿನದಿರಬಹುದು, ಸೆರಗು ರೇಷ್ಮೆಯದು. ಒಡಲಿನ ಹಾಸಿಗೂ (ಉದ್ದದ ನೂಲು) ಸೆರಗಿನ ಹಾಸಿಗೂ ಮಗ್ಗದ ಮೇಲೆ ಕುಣಿಕೆ ಕೂಡಿಸಿ ಜೋಡಿಸುತ್ತಾರೆ, ಟೋಪ ತೆನಿ ಎನ್ನುವುದು ಅದಕ್ಕೇ. ಒಡಲು ಮುಗಿದು ಸೆರಗು ಶುರುವಾಗುವ ಆ ಗೆರೆಯ ಮೇಲೆ ಬೆರಳು ಆಡಿಸಿದರೆ ಸಣ್ಣ ಸಾಲಾಗಿ ತಡೆ ಸಿಗುತ್ತದೆ. ಸೀರೆಯ ಜೀವ ಅಲ್ಲಿದೆ. ಅದೇ ಗೆರೆಯ ಮೇಲೆ ಮಡಿಕೆ ಬಂದು, ಅದರ ಮೇಲೆ ಇಸ್ತ್ರಿ ಒತ್ತಿ, ಮೇಲೆ ಹತ್ತು ಸೀರೆ ಹೇರಿ ವರ್ಷಗಟ್ಟಲೆ ಬಿಟ್ಟರೆ ಮೊದಲು ಬಿರಿಯುವುದು ಅದೇ. ನಾನು ಮಡಚುವಾಗ ಈ ಜೋಡಣೆ ಮಡಿಕೆಯ ನಡುವೆ ಚಪ್ಪಟೆಯಾಗಿ ಬರುವಂತೆ ನೋಡಿಕೊಳ್ಳುತ್ತೇನೆ. ಸೆರಗಿನ ಕೆಂಪು ಒಡಲಿನ ತಿಳಿ ಬಣ್ಣಕ್ಕೆ ಒತ್ತದಂತೆ ನಡುವೆ ಒಂದು ಹಳೆ ಬಿಳಿ ಪಂಚೆಯ ತುಂಡು. ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಗೆ ಒಂದು ನಿಮಿಷ ಒತ್ತಿ ಹಿಡಿದರೆ ಸಾಕು, ಗೊತ್ತಾಗುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕಟ್ಟುತ್ತದೆ ಎನ್ನುತ್ತಾರೆ, ನನಗೆ ಅದರ ಮೇಲೆ ಭರವಸೆ ಕಡಿಮೆ. ತಣ್ಣೀರು, ನೆನೆಸದೆ ಬೇಗ ತೆಗೆಯುವುದು, ಹಿಂಡದೆ ನೆರಳಿಗೆ ಹರವುವುದು, ಇವಿಷ್ಟೇ ನಾನು ಪಾಲಿಸುವುದು.

ಮಡಿಕೆ ಬದಲಿಸುವ ಕೆಲಸ ವರ್ಷಕ್ಕೆ ಮೂರು-ನಾಲ್ಕು ಸಲ. ಬೇರೆ ನೆನಪು ಇಟ್ಟುಕೊಳ್ಳುವುದಿಲ್ಲ, ಯುಗಾದಿ, ಪಂಚಮಿ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇದೂ ಒಂದು. ಜರಿ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೆತ್ತನೆ ಬಿಳಿ ಬಟ್ಟೆಯಲ್ಲಿ ಸುತ್ತಿದ್ದೇನೆ. ಪ್ಲಾಸ್ಟಿಕ್ಕಿನೊಳಗೆ ಹಸಿ ಹಿಡಿದರೆ ಹೊರಗೆ ಹೋಗಲು ದಾರಿಯಿಲ್ಲ, ಬೆಳ್ಳಿಯ ಜರಿ ಕಪ್ಪಾಗುವುದು ಅಲ್ಲಿಂದಲೇ. ಡಾಂಬರ್ ಗುಳಿಗೆ ಹಾಕುವವರು ಅದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೇಲಿನ ಖಾನೆಯಲ್ಲಿಡಿ, ಅದರ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ. ಜರಿಗೆ ನೇರವಾಗಿ ತಾಗಬಾರದು. ನನಗೆ ಆ ವಾಸನೆ ಆಗುವುದಿಲ್ಲ. ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಬಜೆ ಬೇರು, ನಾಲ್ಕು ಲವಂಗ ಒಂದು ಗಂಟಿನಲ್ಲಿ. ವಾಸನೆ ಹೋದಾಗ ಬದಲಿಸಬೇಕು, ಅಷ್ಟೇ ತೊಂದರೆ. ಗಂಜಿ ಹಾಕಿದ ಕಾಟನ್ ಸೀರೆಯನ್ನು ದೀರ್ಘಕಾಲ ಇಡುವುದಿದ್ದರೆ ಮೊದಲು ಗಂಜಿ ತೆಗೆದು ಒಗೆದಿಡಿ. ಬೆಳ್ಳಿ ಬಣ್ಣದ ಆ ಚುರುಕು ಹುಳುವಿಗೆ ಗಂಜಿ ಎಂದರೆ ಊಟ, ಅದನ್ನು ತಿನ್ನುವಾಗ ನೂಲಿಗೂ ಬಾಯಿ ಹಾಕುತ್ತದೆ.

ಈಗ ಆಯೇರಿಗೆ ಬರೋಣ. ಮದುವೆ, ಸೀಮಂತ, ಮನೆ ಶಾಂತಿ, ಎಲ್ಲಿಗೆ ಹೋದರೂ ಸೀರೆ ಬರುತ್ತದೆ, ನಾವೂ ಒಯ್ಯುತ್ತೇವೆ. ಉಡಿ ತುಂಬಿದಾಗ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆಯ ಜೊತೆ ಒಂದು ಜಂಪರ್ ಪೀಸು. ಇವು ಉಡಲೆಂದು ಬಂದವಲ್ಲ, ಓಡಾಡಲೆಂದು ಬಂದವು. ಹಾಗಿದ್ದೂ ನಮ್ಮ ತಿಜೋರಿಯ ಕಾಲುಭಾಗ ಅವುಗಳ ಕೈಯಲ್ಲಿ. ಎಲ್ಲವನ್ನೂ ತೆಗೆದು ಅತ್ತೆಯವರ ಹಳೆ ಟ್ರಂಕಿಗೆ ಸಾಗಿಸಿದೆ. ಆ ಟ್ರಂಕು ಹಳೆ ಬಾಗಲಕೋಟೆಯ ಮನೆಯಿಂದ, ಅದು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗಿ ಇಲ್ಲಿಗೆ ಬರುವಾಗ ಹೊತ್ತು ತಂದದ್ದು, ಅದರ ಮೇಲೆ ಯಾರಾದರೂ ಕೂತರೂ ಅವರಿಗೆ ಸಿಟ್ಟು. ನಾನು ಆಯೇರಿ ತುಂಬಲು ಕೇಳಿದಾಗ ಒಂದು ವಾರ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಟ್ರಂಕಿನ ನಿಯಮ ಒಂದೇ: ಒಳಗೆ ಹೋಗುವ ಪ್ರತಿ ಪೀಸಿಗೂ ಒಂದು ಚೀಟಿ. ಯಾರು ಕೊಟ್ಟರು, ಯಾವ ಕಾರ್ಯದಲ್ಲಿ. ‘ಜಮಖಂಡಿ ಸಣ್ಣಮಾವಶಿ, ಮನೆ ಶಾಂತಿ.’ ‘ಗದ್ದನಕೇರಿಯವರು, ಜವಳ.’ ಚೀಟಿ ಯಾಕೆ ಎಂದು ಕೇಳಬೇಡಿ. ನಮ್ಮ ಬೀಗರ ಪೈಕಿ ಒಬ್ಬರಿಗೆ ಅವರೇ ಕೊಟ್ಟ ಸೀರೆ ಎರಡು ಮನೆ ಸುತ್ತಿ, ಅದೇ ಕವರಿನಲ್ಲಿ, ಅವರೇ ಬರೆದ ಹೆಸರಿನೊಂದಿಗೆ ವಾಪಸು ಬಂದಿತ್ತು. ಮೂರೂ ಮನೆಯವರು ಈಗಲೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟ. ಚೀಟಿ ಇದ್ದರೆ ಬಂದ ದಿಕ್ಕಿಗೆ ಹೋಗದಂತೆ ತಿರುಗಿಸಬಹುದು. ಇನ್ನೊಂದು, ನನಗೆ ನಿಜಕ್ಕೂ ಇಷ್ಟವಾದ ಆಯೇರಿ ಸೀರೆ ಇದ್ದರೆ ಆ ವಾರವೇ ಫಾಲ್ ಹಚ್ಚಲು ಕೊಟ್ಟುಬಿಡುತ್ತೇನೆ. ಫಾಲ್ ಬಿದ್ದ ಸೀರೆಯನ್ನು ಇನ್ನೊಬ್ಬರಿಗೆ ಕೊಡಲಾಗದು, ಉಡಲೇಬೇಕು. ಜಂಪರ್ ಪೀಸುಗಳಲ್ಲಿ ಒಂದಿಷ್ಟು ಒಳ್ಳೆಯ ಖಣ ಬಂದಿದ್ದವು. ಅವುಗಳಿಂದ ಕನ್ನಡಕ, ಮೊಬೈಲ್, ಪಿನ್ನು ಇಡುವ ಸಣ್ಣ ಚೀಲ ಹೊಲಿಸಿದೆ. ಉಳಿದ ತೆಳು ಪಾಲಿಸ್ಟರ್ ಪೀಸು ಯಾತಕ್ಕೂ ಬರುವುದಿಲ್ಲ. ಉಡಿಗೆ ಹಾಕುವುದಾದರೆ ಎರಡು ಕಡಿಮೆ ಕೊಟ್ಟರೂ ಹೊಲಿಸಿ ಹಾಕುವಂಥದ್ದನ್ನು ಕೊಡೋಣ ಎಂದು ಮನೆಯಲ್ಲಿ ಮಾತು ಹಾಕಿದ್ದೇನೆ, ಇನ್ನೂ ಪಾಸಾಗಿಲ್ಲ.

ಒಡವೆ, ಬಳೆ, ಚೀಲದ ವಿಷಯವೂ ಮೈಯ ಕೆಲಸದ ಮೇಲೇ. ನನ್ನ ಕಿವಿಯೋಲೆ ನಿರ್ಧರಿಸುವುದು ಸೀರೆಯ ಬಣ್ಣ ಅಲ್ಲ, ಹೆಲ್ಮೆಟ್. ಜುಮಕಿ ಹಾಕಿ ಹೆಲ್ಮೆಟ್ ಎಳೆದರೆ ಕಿವಿ ಹರಿಯುವುದೊಂದು ಬಾಕಿ. ಶಾಲೆಯ ದಿನ ಕಿವಿಗೆ ಅಂಟಿಕೂರುವ ಓಲೆ ಮಾತ್ರ, ಜುಮಕಿಯನ್ನು ಸಮಾರಂಭವಿದ್ದರೆ ಚೀಲದಲ್ಲಿ ಒಯ್ದು ಅಲ್ಲಿ ಹಾಕಿಕೊಳ್ಳುವುದು. ಬರೆಯುವ ಕೈಗೆ ಎರಡೇ ಬಳೆ, ಎಡಗೈಗೆ ಎಷ್ಟಾದರೂ. ಗಾಜಿನ ಬಳೆಗಳನ್ನು ಬಣ್ಣದ ಪ್ರಕಾರ ಇಡುವುದು ಬಿಟ್ಟು ಅಳತೆಯ ಪ್ರಕಾರ ಇಟ್ಟೆ. ಬೇಸಿಗೆಯಲ್ಲಿ ಕೈ ಸ್ವಲ್ಪ ಊದುತ್ತದೆ, ಆಗ ಎರಡು-ಎಂಟರ ಬಳೆ, ಚಳಿಗಾಲದಲ್ಲಿ ಎರಡು-ಆರರದ್ದೂ ಸಲೀಸು.

ಬಂಗಾರದ ಬೋರಮಾಳ, ಟೀಕಿ ಇಂಥವು ಲಾಕರಿನಲ್ಲಿ. ಮದುವೆ ಭಾನುವಾರ ಇದ್ದರೆ ಶುಕ್ರವಾರವೇ ತರಬೇಕು ಎಂಬುದನ್ನು ಕ್ಯಾಲೆಂಡರಿನಲ್ಲಿ ಮದುವೆಯ ಪಕ್ಕದಲ್ಲೇ ಬರೆಯುತ್ತೇನೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕು ಬಂದ್, ಅದನ್ನು ಮರೆತವರು ಬೋಳು ಕುತ್ತಿಗೆಯಲ್ಲಿ ಅಕ್ಷತೆ ಹಾಕಬೇಕಾದೀತು. ಒಂದು ಗ್ರಾಂ ಬಂಗಾರದ ಸರಗಳನ್ನು ಬೆವರು ಒರೆಸಿ, ಗಾಳಿ ತೆಗೆದು ಜಿಪ್ ಕವರಿನಲ್ಲಿ, ಒಂದೊಂದಕ್ಕೆ ಒಂದೊಂದು. ಬೆಳ್ಳಿಯ ಕಾಲುಚೈನಿಗೆ ರಬ್ಬರ್ ಬ್ಯಾಂಡ್ ಸುತ್ತಬಾರದು, ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಜೊತೆಗೆ ಒಂದು ಸುಣ್ಣದ ಕಡ್ಡಿ ಇಟ್ಟರೆ ಹಸಿ ಎಳೆದುಕೊಳ್ಳುತ್ತದೆ. ಸುಣ್ಣದ ಕಡ್ಡಿಗೆ ನಮ್ಮ ಮನೆಯಲ್ಲೇನು ಬರ. ಮುತ್ತಿನ ಸರಕ್ಕೆ ಮಾತ್ರ ಜಿಪ್ ಕವರು ಬೇಡ, ಮೆತ್ತನೆ ಬಟ್ಟೆ ಸಾಕು. ಸೆಂಟು, ಪೌಡರು ಎಲ್ಲಾ ಮುಗಿದ ಮೇಲೆ ಕೊನೆಗೆ ಹಾಕಿ, ಬಂದ ಕೂಡಲೇ ಮೊದಲು ತೆಗೆಯುವುದು ಅದನ್ನೇ.

ಚಪ್ಪಲಿಯಲ್ಲಿ ನನ್ನ ಒಲವು ಚರ್ಮದ್ದು. ಹೆಸರು ಕೊಲ್ಹಾಪುರಿ ಆದರೂ 2019ರಲ್ಲಿ ಬಂದ ಜಿಐ ಗುರುತಿನಲ್ಲಿ (ಯಾವ ಊರ ಕಡೆಯ ಸರಕು ಎಂದು ಹೇಳುವ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇವೆ. ನನ್ನ ಜೋಡು ಬರುವುದು ಅಥಣಿಯಿಂದ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಈ ಚರ್ಮಕ್ಕೆ ಬಿಸಿಲಿನ ಭಯವಿಲ್ಲ, ನೀರಿನದೇ ಭಯ. ಹಾಗಾಗಿ ಜೂನ್‌ಗೆ ಎಣ್ಣೆ ಸವರಿ, ಒಳಗೆ ವರ್ತಮಾನ ಪತ್ರಿಕೆ ತುರುಕಿ ಎತ್ತಿಟ್ಟರೆ ಮತ್ತೆ ತೆಗೆಯುವುದು ದಸರಾಕ್ಕೆ. ನಡುವೆ ರಬ್ಬರ್ ಚಪ್ಪಲಿಯ ರಾಜ್ಯ.

ನನ್ನ ತಂಗಿ ಬೆಳಗಾವಿಯ ಟಿಳಕವಾಡಿಯಲ್ಲಿದ್ದಾಳೆ. ನನ್ನದನ್ನು ನೋಡಿ ಹಾಗೇ ಮಾಡಲು ಹೋದಾಗ ಅವಳಿಗೆ ಅರ್ಧ ಕೆಲಸಕ್ಕೆ ಬರಲಿಲ್ಲ. ಅಲ್ಲಿ ನಮಗಿಂತ ಎರಡು ಪಟ್ಟು ಮಳೆ, ಜುಲೈ-ಆಗಸ್ಟ್ ಪೂರ್ತಿ ಗೋಡೆ ಹಸಿ. ನನ್ನ ತಿಜೋರಿ ಗೋಡೆಗೆ ಒತ್ತಿ ಇದೆ, ಅವಳು ತನ್ನದನ್ನು ನಾಲ್ಕು ಬೆರಳು ಮುಂದೆ ಎಳೆದಳು. ಟ್ರಂಕು ಅವಳಿಗೆ ಆಗದು, ಮುಚ್ಚಿಟ್ಟ ಕಬ್ಬಿಣದೊಳಗೆ ಬೂಷ್ಟು ಬರುತ್ತದೆ. ಮಳೆ ಬಿಟ್ಟು ಬಿಸಿಲು ಬಿದ್ದ ದಿನ ಬಾಗಿಲು ತೆರೆದಿಟ್ಟು ಫ್ಯಾನ್ ಹಾಕುತ್ತಾಳೆ, ಖಾನೆಯ ಮೂಲೆಗೆ ಸಿಲಿಕಾ ಜೆಲ್ ಪುಡಿಕೆ. ಅವಳ ಮನೆಯಲ್ಲಿ ಚರ್ಮದ ಚಪ್ಪಲಿ ನಮ್ಮದಕ್ಕಿಂತ ತಿಂಗಳು ತಡವಾಗಿ ಹೊರಗೆ ಬರುತ್ತದೆ. ಆದರೆ ಅಲ್ಲಿ ಬೇಸಿಗೆ ನಮ್ಮಷ್ಟು ಸುಡುವುದಿಲ್ಲ, ಏಪ್ರಿಲ್‌ನಲ್ಲೂ ರೇಷ್ಮೆ ಉಟ್ಟು ಗಣಪತಿ ಗಲ್ಲಿ ಸುತ್ತುತ್ತಾಳೆ. ನಾವು ಅದನ್ನು ಮಾಡಿದರೆ ಬೆವರಿಗೆ ಕುಪ್ಪಸದ ಕಂಕುಳ ಬಣ್ಣ ಬದಲಾಗಿ ಹೋಗುತ್ತದೆ.

ದಾರ ಉಳಿದ ಸೀರೆಗಳಲ್ಲಿ ಟೇಲರ್ ಕೈಗೂ ದಕ್ಕದ್ದನ್ನು ಎರಡು ಪಾಲು ಮಾಡಿದೆ. ಚಲೋ ಇದ್ದದ್ದನ್ನು ಕೇಳಿ ತೆಗೆದುಕೊಂಡವರಿಗೆ ಕೊಟ್ಟೆ. ಜೀರ್ಣವಾದ ಕಾಟನ್ನನ್ನು ಕೌದಿಗೆಂದು ಗಂಟು ಕಟ್ಟಿದೆ. ಬೇಸಿಗೆಯಲ್ಲಿ ಕೌದಿ ಹೊಲಿಯುವ ಅಜ್ಜಿ ಬಂದು ಗಂಟು ಬಿಚ್ಚಿ, ಒಂದೊಂದೇ ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ ಎರಡು ರಾಶಿ ಮಾಡಿದಳು. ಪಾಲಿಸ್ಟರ್ ಕೈಗೆ ಬಂದಾಗಲೆಲ್ಲಾ ‘ಇದು ಬ್ಯಾಡವ್ವಾ, ಜಾರತೈತಿ, ಹೊಲಿಗಿ ಹಿಡಿಯಂಗಿಲ್ಲ’ ಎಂದು ಆಚೆ ಎಸೆದಳು. ಅತ್ತೆಯವರು ಆ ಎಸೆದದ್ದರಲ್ಲಿ ಎರಡು ಆರಿಸಿಕೊಂಡು ಮಾಳಿಗೆಯ ಮೇಲಿನ ನೀರಿನ ಟಾಕಿಗೆ ಸುತ್ತಿದರು. ಉಳಿದವು ಸ್ಕೂಟರಿನ ಹೊದಿಕೆ, ಹಪ್ಪಳ ಒಣಗಿಸುವ ಹಾಸು. ಆ ಕಲ್ಲು ಕೂಡಿಸಿದ ನೆಟ್ ಸೀರೆಯನ್ನು ಮಾತ್ರ ಯಾರೂ ಒಯ್ಯಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಪರಿ ಪಾತ್ರ ಮಾಡುವ ಹುಡುಗಿ ಈ ಸಲ ಅದನ್ನು ಕೇಳಿದ್ದಾಳೆ.